ಮಾತು ತಡವಾದರೆ ಕಾಯಬೇಡಿ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಮುಂದೆ ಬಿ.ಇ. ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಸಮಿತಿಯವರು ನನಗೆ ಕಂಪ್ಯೂಟರ್ ಬಗ್ಗೆ, ನೌಕರಿ ಬಗ್ಗೆ ಹೇಳು ಅಂದಿದ್ದರು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಈ ವೇದಿಕೆಯ ಮೇಲೆ ಇದ್ದಾರೆ. ಅವರ ಅನುಮತಿ ಪಡೆದು ಬೇರೊಂದು ವಿಷಯ ಆರಿಸಿಕೊಂಡಿದ್ದೇನೆ. ಮಾತು ಬಾರದ, ಮಾತು ತಡವಾದ, ಮಾತು ತೊದಲುವ ಮಕ್ಕಳ ವಿಷಯ.

ಕವಿಚಕ್ರವರ್ತಿ ರನ್ನನ ಹೆಸರನ್ನು ಊರಿನ ಹೆಸರಿನಲ್ಲೇ ಇಟ್ಟುಕೊಂಡವರು ನಾವು. ಬಳೆಗಾರರ ಮನೆತನದ ಹುಡುಗ ಸಾವಿರ ವರ್ಷಗಳ ಹಿಂದೆ ಗದಾಯುದ್ಧ ಬರೆದ, ಅಜಿತ ಪುರಾಣ ಬರೆದ. ಮಾತಿನಿಂದಲೇ ಹೆಸರಾದ ಊರು ಇದು. ಇಂಥ ಊರಿನಲ್ಲೂ ಎಲ್ಲ ಊರುಗಳಲ್ಲಿ ಇರುವಂತೆ, "ಅವ್ವಾ" ಅನ್ನಲು ಆಗದ ಮಕ್ಕಳಿದ್ದಾರೆ. ಅವರ ಬಗ್ಗೆ ನಾವು ಜಾತ್ರೆಯಲ್ಲಿ ಮಾತಾಡುವುದಿಲ್ಲ, ಸಭೆಯಲ್ಲಿ ಮಾತಾಡುವುದಿಲ್ಲ. ಕಟ್ಟೆಯ ಮೇಲೆ ಕೂತಾಗ ಮಾತ್ರ ಮೆಲ್ಲಗೆ, "ಪಾಪ, ಆ ಕೂಸಿಗೆ ಮಾತು ಬರೂದಿಲ್ಲಂತ" ಅನ್ನುತ್ತೇವೆ.

ನಾನು ವೈದ್ಯನಲ್ಲ, ವಾಕ್ ತಜ್ಞನೂ ಅಲ್ಲ. ಈ ವಿಷಯ ನನಗೆ ಗೊತ್ತಾಗಿದ್ದು ಮನೆಯಲ್ಲಿ. ನಮ್ಮ ಅಕ್ಕನ ಮಗ ಎರಡೂವರೆ ವರ್ಷವಾದರೂ ಒಂದು ಮಾತೂ ಆಡಲಿಲ್ಲ. ಹುಡುಗ ಚುರುಕಾಗಿದ್ದ. ಎಮ್ಮೆ ಕಟ್ಟುವ ಗೂಟ ಎಲ್ಲಿದೆ, ಬೆಲ್ಲದ ಡಬ್ಬಿ ಎಲ್ಲಿದೆ ಎಲ್ಲ ಗೊತ್ತಿತ್ತು. ಬೇಕಾದದ್ದನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಿದ್ದ. ಮನೆಯ ಹಿರಿಯರು "ಗಂಡ ಹುಡುಗ್ರು ತಡಾ ಮಾಡೇ ಮಾತಾಡ್ತಾವ, ಅವರಪ್ಪನೂ ಹಂಗ ಇದ್ದ" ಅಂದರು. ಬಜೆ ತೇಯ್ದು ನಾಲಗೆಗೆ ಹಚ್ಚಿದರು. ಹರಕೆ ಹೊತ್ತರು. ಒಬ್ಬ ಡಾಕ್ಟರರು ನಾಲ್ಕು ವರ್ಷದವರೆಗೆ ಕಾಯಿರಿ ಅಂದರು. ಅನುಮಾನ ಮೊದಲು ಬಂದದ್ದು ಅಂಗನವಾಡಿ ಕಾರ್ಯಕರ್ತೆಗೆ. "ಎದುರಿಗೆ ನಿಂತು ಕರದ್ರ ಬರ್ತಾನ, ಹಿಂದಿನಿಂದ ಕರದ್ರ ತಿರುಗೂದಿಲ್ಲ, ಕಿವಿ ತೋರಸ್ರಿ" ಅಂತ ಹೇಳಿದ ಆ ತಾಯಿಯ ಒಂದು ಮಾತು ನಮ್ಮ ಹುಡುಗನ ಬಾಳನ್ನು ತಿರುಗಿಸಿತು. ಮೂರು ವರ್ಷ ದಾಟಿದ ಮೇಲೆ ಪರೀಕ್ಷೆ ಆಯಿತು. ಎರಡೂ ಕಿವಿಯಲ್ಲಿ ಶ್ರವಣದೋಷ ಇತ್ತು.

ಆಗ ಮನೆಯಲ್ಲಿ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: "ತಾಟು ಬಿದ್ರ ತಿರುಗಿ ನೋಡ್ತಾನಲ್ಲ, ಟ್ರ್ಯಾಕ್ಟರ್ ಬಂದ್ರ ಹೊರಗ ಓಡ್ತಾನಲ್ಲ, ಕಿವಿ ಕೇಳೂದಿಲ್ಲಂದ್ರ ಹೆಂಗ?" ಈ ಪ್ರಶ್ನೆಯ ಉತ್ತರ ಪ್ರತಿಯೊಂದು ಮನೆಗೂ ಗೊತ್ತಿರಬೇಕು. ಸದ್ದು ಕೇಳುವುದು ಬೇರೆ, ಮಾತು ಸ್ಪಷ್ಟವಾಗಿ ಕೇಳುವುದು ಬೇರೆ. ಟ್ರ್ಯಾಕ್ಟರ್ ಸದ್ದು ದೊಡ್ಡದು, ದಪ್ಪನೆಯದು. ಆದರೆ ಮಾತಿನಲ್ಲಿ ಬರುವ ಸ, ಶ, ತ, ಕ ಇಂಥ ಧ್ವನಿಗಳು ಬಹಳ ತೆಳುವು. ಅರ್ಧಮರ್ಧ ಕೇಳುವ ಮಗುವಿಗೆ ಅ, ಆ, ಓ ಕೇಳಬಹುದು, ನಡುವಿನ ಈ ತೆಳು ಧ್ವನಿಗಳು ಕೇಳುವುದಿಲ್ಲ. ಅದಕ್ಕೆ ನಮ್ಮ ಮಾತೆಲ್ಲ ಗೋಡೆಯಾಚೆಯ ಗೊಣಗಾಟದಂತೆ ಇರುತ್ತದೆ. ಕಿವಿಗೆ ಬೀಳದ್ದು ಬಾಯಿಗೆ ಬರುವುದು ಹೇಗೆ?

ತಾಯಂದಿರು ಕೂಸಿನ ಕಿವಿಯ ಹತ್ತಿರ ಬಳೆ ಅಲ್ಲಾಡಿಸಿ ನೋಡುತ್ತಾರೆ. ಕೂಸು ತಿರುಗಿದರೆ ಸಮಾಧಾನ. ಆದರೆ ಕೂಸು ಬಳೆಯ ಸದ್ದಿಗೇ ತಿರುಗಿದೆಯೋ, ಕೈಯ ನೆರಳು ಕಂಡು ತಿರುಗಿದೆಯೋ ಹೇಳಲು ಬರುವುದಿಲ್ಲ. ಅದಕ್ಕೆಂದೇ ಯಂತ್ರದ ಪರೀಕ್ಷೆಗಳಿವೆ. ಕೂಸು ಮಲಗಿದ್ದಾಗ ಕಿವಿಯಲ್ಲಿ ಸಣ್ಣ ಮೆತ್ತನೆಯ ಬಿರಡೆಯಂಥದ್ದನ್ನು ಇಟ್ಟು, ಒಳಗಿವಿ ಸ್ಪಂದಿಸುತ್ತದೆಯೇ ಎಂದು ಕೆಲವೇ ನಿಮಿಷಗಳಲ್ಲಿ ನೋಡುತ್ತಾರೆ. ಅದನ್ನು ಓಎಇ ಎನ್ನುತ್ತಾರೆ. ಅನುಮಾನ ಉಳಿದರೆ ತಲೆಗೆ ತಂತಿ ಅಂಟಿಸಿ ಮಾಡುವ ಬೆರಾ ಪರೀಕ್ಷೆ ಇದೆ. ಸೂಜಿ ಇಲ್ಲ, ನೋವಿಲ್ಲ. ಹುಟ್ಟಿದ ಮೊದಲ ತಿಂಗಳಲ್ಲೇ ಮಾಡಿಸಬಹುದು. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ದೋಷ ಇದೆಯೋ ಇಲ್ಲವೋ ಎಂಬ ತೀರ್ಮಾನ, ಆರು ತಿಂಗಳೊಳಗೆ ಉಪಚಾರ ಶುರು. ಈ ಒಂದು, ಮೂರು, ಆರು ಎಂಬ ಲೆಕ್ಕವನ್ನು ಜಗತ್ತಿನ ತಜ್ಞರು ಪಾಲಿಸುತ್ತಾರೆ. ನಾವು ನಾಲ್ಕು ವರ್ಷ ಕಾಯುತ್ತೇವೆ. ತಿಂಗಳು ತುಂಬುವ ಮೊದಲು ಹುಟ್ಟಿದ ಕೂಸು, ಹುಟ್ಟಿದಾಗ ಅಳದ ಕೂಸು, ಕಾಮಣಿ ಬಹಳ ಏರಿದ ಕೂಸು, ಮೆದುಳು ಜ್ವರ ಬಂದು ಹೋದ ಕೂಸು, ಮನೆತನದಲ್ಲಿ ಕಿವುಡು ಇರುವ ಕೂಸು, ಇವರಿಗಂತೂ ಈ ಪರೀಕ್ಷೆ ತಪ್ಪಿಸಲೇಬಾರದು.

ಇನ್ನು ಮಾತಿನ ಲೆಕ್ಕ. ಪ್ರತಿ ಮಗುವಿನ ನಡಿಗೆ ಬೇರೆ, ನಿಜ. ಆದರೂ ಒಂದು ಅಂದಾಜು ಇದೆ. ವರ್ಷ ತುಂಬುವ ಹೊತ್ತಿಗೆ ಹೆಸರು ಕರೆದರೆ ತಿರುಗಬೇಕು, ಒಂದೆರಡು ಮಾತು ಶುರುವಾಗಬೇಕು. ಒಂದೂವರೆ ವರ್ಷಕ್ಕೆ ಬೇಕಾದದ್ದನ್ನು ಬೆರಳು ಮಾಡಿ ತೋರಿಸಬೇಕು, ಕೆಲವು ಶಬ್ದ ಆಡಬೇಕು. ಎರಡು ವರ್ಷಕ್ಕೆ "ಅಪ್ಪಾ ಬಾ", "ನೀರು ಕೊಡು" ಅಂತ ಎರಡು ಶಬ್ದ ಜೋಡಿಸಬೇಕು. ಮೂರು ವರ್ಷಕ್ಕೆ ಸಣ್ಣ ಸಣ್ಣ ವಾಕ್ಯ ಬರಬೇಕು, ಹೊರಗಿನವರಿಗೂ ಹೆಚ್ಚುಕಡಿಮೆ ಅರ್ಥವಾಗಬೇಕು. ಇದರಲ್ಲಿ ಹಿಂದೆ ಬಿದ್ದರೆ ತೋರಿಸಿರಿ. ಮೊದಲು ಆಡುತ್ತಿದ್ದ ಮಾತು ನಿಂತುಹೋದರೆ ಒಂದು ದಿನವೂ ತಡಮಾಡಬೇಡಿರಿ.

ಎಲ್ಲ ಮಕ್ಕಳ ಕಾರಣ ಕಿವಿಯೇ ಅಲ್ಲ. ಕೆಲವರಿಗೆ ಆಟಿಸಂ ಇರುತ್ತದೆ. ಕಣ್ಣಿಗೆ ಕಣ್ಣು ಕೊಡುವುದಿಲ್ಲ, ಬೆರಳು ಮಾಡಿ ತೋರಿಸುವುದಿಲ್ಲ, ಒಂದೇ ಆಟವನ್ನು ತಾಸುಗಟ್ಟಲೆ ಆಡುತ್ತಾರೆ. ಕೆಲವರಿಗೆ ಸೀಳು ತುಟಿ, ಸೀಳು ಅಂಗಳ. ಕೆಲವರಿಗೆ ಬಾಯಿಯ ಸ್ನಾಯುಗಳ ಮೇಲೆ ಹಿಡಿತ ಇರುವುದಿಲ್ಲ. ಕೆಲವರಿಗೆ ಎಲ್ಲ ಸರಿಯಿದ್ದೂ ಭಾಷೆಯೊಂದೇ ತಡ. ಕಾರಣ ಯಾವುದೇ ಇರಲಿ, ಮೊದಲು ಕಿವಿಯ ಪರೀಕ್ಷೆ ಆಗಬೇಕು. ಆಮೇಲೆ ಉಳಿದದ್ದು. ಹರಕೆ ಹೊರಬೇಡಿ ಎಂದು ನಾನು ಹೇಳುವುದಿಲ್ಲ. ಹರಕೆಯೂ ಇರಲಿ, ಪರೀಕ್ಷೆಯೂ ಆಗಲಿ. ಆದರೆ ಕಿವಿ ಸೋರುತ್ತಿದ್ದರೆ ಬಿಸಿ ಎಣ್ಣೆ ಹಾಕುವುದನ್ನು ಮಾತ್ರ ಬಿಡಿರಿ. ಕಿವಿ ಸೋರಿಕೆಯಿಂದಲೇ ಎಷ್ಟೋ ಮಕ್ಕಳಿಗೆ ಕೇಳುವುದು ಕಡಿಮೆಯಾಗುತ್ತದೆ, ಔಷಧಿಯಿಂದ ಅದನ್ನು ತಡೆಯಬಹುದು.

ಎಲ್ಲಿಗೆ ಹೋಗಬೇಕು? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರಬೇಕು. ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಅದು ಅನ್ವಯಿಸುತ್ತದೆ. ಕಿವಿಯ ದೋಷ, ಮಾತಿನ ತಡ ಎರಡೂ ಅದರ ಪಟ್ಟಿಯಲ್ಲಿವೆ. ತಂಡ ಬಂದ ದಿನ ಮಗುವನ್ನು ಹೊಲಕ್ಕೆ ಕರೆದುಕೊಂಡು ಹೋಗಬೇಡಿರಿ, ಅಂಗನವಾಡಿಗೆ ಕಳಿಸಿರಿ. ಶ್ರವಣಯಂತ್ರ ಕೊಡುವ ಯೋಜನೆ ಇದೆ. ಯಂತ್ರದಿಂದಲೂ ಕೇಳದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಸರ್ಕಾರದ ನೆರವಿದೆ. ಅದಕ್ಕೆ ವಯಸ್ಸಿನ ಮಿತಿಯೂ ಇದೆ. ಕಾಯುತ್ತ ಕೂತರೆ ಆ ಬಾಗಿಲು ಮುಚ್ಚಿಹೋಗುತ್ತದೆ.

ಧಾರವಾಡದಲ್ಲಿ ಜೆಎಸ್‌ಎಸ್ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಬರುತ್ತಾರೆ. ಕನ್ನಡ ಮಾತಾಡುವ ತಾಯಿಗೆ ಕನ್ನಡದಲ್ಲೇ ತಿಳಿಸಿ ಹೇಳುವ ಅಂಥ ಸಂಸ್ಥೆ ನಮ್ಮ ನಾಡಿನಲ್ಲೇ ಇರುವುದು ನಮ್ಮ ಪುಣ್ಯ. ಅದೇ ಮೈಸೂರಿನಲ್ಲಿ ಕಿವಿ ಕೇಳದ ಮಕ್ಕಳ ಪಾಲಕರೇ ಕಟ್ಟಿಕೊಂಡ ಒಂದು ಶಾಲೆಯೂ ಇದೆ. ಅಲ್ಲಿ ಮಗುವಿನ ಜೊತೆ ತಾಯಿಯೂ ತರಗತಿಯಲ್ಲಿ ಕೂರುತ್ತಾಳೆ. ಹಳ್ಳಿಗಳಿಂದ ಬಂದ ತಾಯಂದಿರು ಬಾಡಿಗೆ ಮನೆ ಮಾಡಿಕೊಂಡು ವರ್ಷಗಟ್ಟಲೆ ಮಗುವಿನ ಜೊತೆ ಕಲಿಯುತ್ತಾರೆ. ಹೆಚ್ಚು ಓದದ ತಾಯಿಯೂ ತನ್ನ ಮಗುವಿಗೆ ಮಾತು ಕಲಿಸುವ ಗುರು ಆಗಬಲ್ಲಳು ಎಂಬುದನ್ನು ಆ ಶಾಲೆ ತೋರಿಸಿಕೊಟ್ಟಿದೆ.

ನಮ್ಮ ಅಕ್ಕನಿಗೂ ತಜ್ಞರು ಮೊದಲ ದಿನವೇ ಅದನ್ನೇ ಹೇಳಿದರು. "ನಾವು ವಾರಕ್ಕೆ ಒಂದು ತಾಸು ಸಿಗುತ್ತೇವೆ, ನೀವು ದಿನವಿಡೀ ಸಿಗುತ್ತೀರಿ. ನಾವು ಕಲಿಸುವುದು ಮಗುವಿಗಲ್ಲ, ನಿಮಗೆ." ಅವರು ಕಲಿಸಿದ್ದನ್ನು ಇಲ್ಲಿ ಹೇಳುತ್ತೇನೆ, ಯಾವ ಮನೆಗಾದರೂ ಉಪಯೋಗವಾದೀತು.

ಮಗುವಿನ ಮುಖದ ಮಟ್ಟಕ್ಕೆ ಕೂತು ಮಾತಾಡಿರಿ. ಮಾಡುವ ಕೆಲಸವನ್ನು ಹೇಳುತ್ತ ಮಾಡಿರಿ: "ಹಿಟ್ಟು ನಾದತೀನಿ, ರೊಟ್ಟಿ ಬಡಿತೀನಿ, ಬಿಸಿ ಐತಿ ನೋಡು." ಮಗು ನೋಡುತ್ತಿರುವುದರ ಬಗ್ಗೆ ಹೇಳಿರಿ, ನಿಮಗೆ ಬೇಕಾದದ್ದರ ಬಗ್ಗೆ ಅಲ್ಲ. ಮಗು "ಎಮ್ಮಿ" ಅಂದರೆ "ಹೌದು, ಎಮ್ಮಿ ನೀರು ಕುಡಿಯಾಕತ್ತೈತಿ" ಅಂತ ಒಂದು ಹೆಜ್ಜೆ ಮುಂದೆ ಒಯ್ಯಿರಿ. ತಪ್ಪು ಆಡಿದರೆ ಬೈದು ತಿದ್ದಬೇಡಿರಿ, ಸರಿಯಾದ ಮಾತನ್ನು ನೀವೇ ಇನ್ನೊಮ್ಮೆ ಆಡಿರಿ. ಕೇಳುವ ಮೊದಲೇ ಎಲ್ಲ ಕೈಗೆ ಕೊಡಬೇಡಿರಿ. "ಬಾಳೆಹಣ್ಣು ಬೇಕೋ, ಶೇಂಗಾ ಬೇಕೋ?" ಅಂತ ಕೇಳಿ, ಮನಸ್ಸಿನಲ್ಲಿ ಹತ್ತು ಎಣಿಸಿರಿ. ಆ ಹತ್ತು ಎಣಿಸುವುದೇ ಕಷ್ಟ. ನಾವು ಕಾಯಬೇಕಾದದ್ದು ಇಲ್ಲಿ, ಪರೀಕ್ಷೆ ಮಾಡಿಸುವಲ್ಲಿ ಅಲ್ಲ. ಮತ್ತು ಬಂದವರ ಎದುರಿಗೆ "ಮಾಮಾ ಅನ್ನು, ಮಾಮಾ ಅನ್ನು" ಅಂತ ಮಗುವನ್ನು ಪರೀಕ್ಷೆಗೆ ನಿಲ್ಲಿಸಬೇಡಿರಿ.

ಶ್ರವಣಯಂತ್ರ ಹಾಕಿದ ಮೊದಲ ವಾರಗಳಲ್ಲಿ ನಮ್ಮ ಹುಡುಗ ಅದನ್ನು ಕಿತ್ತು ಎಸೆಯುತ್ತಿದ್ದ. ಅಕ್ಕ ಮತ್ತೆ ಹಾಕುತ್ತಿದ್ದಳು. ನಾಲ್ಕು ತಿಂಗಳ ಮೇಲೆ ಒಂದು ಸಂಜೆ, ಮೇಯ್ದು ಬಂದ ಎಮ್ಮೆಗೆ "ಬಾ" ಅಂದ. ಆ ಒಂದು ಅಕ್ಷರಕ್ಕೆ ಅಕ್ಕ ಓಣಿಗೆಲ್ಲ ಸಕ್ಕರೆ ಹಂಚಿದಳು. ಈಗ ಐದನೆಯ ತರಗತಿಯಲ್ಲಿದ್ದಾನೆ, ಲೆಕ್ಕದಲ್ಲಿ ಮುಂದಿದ್ದಾನೆ. ಆದರೆ ಕಳೆದುಹೋದ ಆ ಮೂರು ವರ್ಷ ಇನ್ನೂ ಪೂರ್ತಿ ತಿರುಗಿ ಬಂದಿಲ್ಲ. ಓರಗೆಯವರಿಗೆ ಗೊತ್ತಿರುವ ಎಷ್ಟೋ ಶಬ್ದ ಅವನಿಗೆ ಈಗ ಕಲಿಯಬೇಕಾಗಿದೆ. ಅದಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನನ್ನ ಕಸುಬಿಗೆ ಸಂಬಂಧಿಸಿದ ಒಂದು ಮಾತು. ಯಂತ್ರಕ್ಕೆ ಕನ್ನಡ ಕೇಳಿಸಿ ಬರೆಯಲು ಕಲಿಸಬೇಕಾದರೆ ಸಾವಿರಾರು ತಾಸುಗಳ ಧ್ವನಿಯನ್ನು ಅದಕ್ಕೆ ಉಣಿಸಬೇಕು. ಇಷ್ಟಾದರೂ ನಮ್ಮ ಮುಧೋಳ ಸೀಮೆಯ ಕನ್ನಡಕ್ಕೆ ಅದು ತಡವರಿಸುತ್ತದೆ. ಕೂಸು ಅದಕ್ಕಿಂತ ಎಷ್ಟೋ ಕಡಿಮೆ ಮಾತು ಕೇಳಿ ಕಲಿಯುತ್ತದೆ. ಯಾಕೆಂದರೆ ಕೂಸಿನ ಜೊತೆ ಒಬ್ಬರು ಕೂತಿರುತ್ತಾರೆ, ಅದು ಕೂಗಿದರೆ ಓಗೊಡುತ್ತಾರೆ, ನಕ್ಕರೆ ನಗುತ್ತಾರೆ. ಮೊಬೈಲ್ ಎಷ್ಟೇ ಮಾತಾಡಿದರೂ ಓಗೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟೇ: ಎರಡು ವರ್ಷದೊಳಗಿನ ಮಕ್ಕಳನ್ನು ಪರದೆಯ ಮುಂದೆ ಕೂರಿಸುವುದು ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು. ಕಬ್ಬು ಕಡಿಯುವ ದಿನಗಳಲ್ಲಿ ತಂದೆ ತಾಯಿ ಇಬ್ಬರೂ ಹೊಲದಲ್ಲಿರುತ್ತಾರೆ, ಕೂಸು ಅಳದಿರಲಿ ಅಂತ ಮೊಬೈಲ್ ಕೊಡುತ್ತಾರೆ, ಅದು ನನಗೆ ಗೊತ್ತು. ಹಾಗಿದ್ದಲ್ಲಿ ಅಜ್ಜಿಯ ತೊಡೆಯೇ ದೊಡ್ಡ ಶಾಲೆ. ಅಜ್ಜಿ ಹೇಳುವ ಒಗಟು, ಹಾಡು, ಕತೆ ಯಾವ ಆ್ಯಪ್‌ಗೂ ಕಡಿಮೆಯಲ್ಲ.

ಹಾಗಂತ ತಂತ್ರಜ್ಞಾನ ಕೆಟ್ಟದ್ದಲ್ಲ. ಬಾಯಿಂದ ಮಾತು ಬಾರದ ಮಕ್ಕಳು ಚಿತ್ರ ಮುಟ್ಟಿದರೆ ಅದು ಧ್ವನಿಯಾಗಿ ಹೇಳುವ ತಂತ್ರಾಂಶಗಳಿವೆ. ಚೆನ್ನೈಯಲ್ಲಿ ತಯಾರಾದ ಆವಾಜ್, ಮುಂಬೈ ಐಐಟಿಯಲ್ಲಿ ತಯಾರಾದ ಜೆಲ್ಲೊ ಅಂಥವು. ಮೊಬೈಲ್ ಇಲ್ಲದಿದ್ದರೆ ರಟ್ಟಿನ ಮೇಲೆ ನೀರು, ಊಟ, ನೋವು, ಸಾಕು, ಬೇಕು ಎಂಬ ಚಿತ್ರ ಅಂಟಿಸಿದರೂ ನಡೆಯುತ್ತದೆ. ಸನ್ನೆ ಕಲಿಸಿದರೆ, ಚಿತ್ರ ಕೊಟ್ಟರೆ ಮಗು ಮಾತು ಕಲಿಯುವುದಿಲ್ಲ ಎಂಬ ಹೆದರಿಕೆ ಬಹಳ ಜನರಿಗಿದೆ. ಅದು ಸುಳ್ಳು. ತನ್ನ ಮನಸ್ಸನ್ನು ತಿಳಿಸಲು ಒಂದು ದಾರಿ ಸಿಕ್ಕ ಮಗುವಿಗೆ ಮಾತಿನ ದಾರಿಯೂ ಸುಲಭವಾಗುತ್ತದೆ. ಮಾತು ಬಾರದೇ ಉಳಿದರೂ ಸನ್ನೆಭಾಷೆ ಪೂರ್ಣ ಭಾಷೆಯೇ. ಮಾತಿಲ್ಲದವರಿಗೆ ಬುದ್ಧಿ ಇಲ್ಲ ಎಂದು ತಿಳಿಯುವುದು ನಮ್ಮ ಬುದ್ಧಿಯ ಕೊರತೆ.

ಇನ್ನೊಂದು ತಪ್ಪು ತಿಳಿವಳಿಕೆ ಮನೆಮಾತಿನದು. ಮಾತು ತಡವಾದ ಮಗುವಿಗೆ ಮನೆಯ ಭಾಷೆ ಬಿಟ್ಟು ಇಂಗ್ಲಿಷ್ ಒಂದನ್ನೇ ಮಾತಾಡಿರಿ ಎಂದು ಸಲಹೆ ಕೊಡುವವರಿದ್ದಾರೆ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ನಮ್ಮ ಸೀಮೆಯಲ್ಲಿ ಮನೆಯಲ್ಲಿ ಉರ್ದು, ಲಂಬಾಣಿ, ಮರಾಠಿ ಮಾತಾಡಿ ಓಣಿಯಲ್ಲಿ ಕನ್ನಡ ಆಡುವ ಮಕ್ಕಳು ಎಷ್ಟಿಲ್ಲ? ತಾಯಿಗೆ ಯಾವ ಭಾಷೆಯಲ್ಲಿ ಜೋಗುಳ ಬರುತ್ತದೋ, ಸಿಟ್ಟು ಬರುತ್ತದೋ, ಅದೇ ಭಾಷೆಯಲ್ಲಿ ಮಗುವಿನ ಜೊತೆ ಮಾತಾಡಬೇಕು.

ಈಗ ಗುರುಗಳಲ್ಲಿ ವಿನಂತಿ. ತಾವು ನಮಗೆ ಕಲಿಸಿದವರು, ತಮಗೆ ಕಲಿಸುವಷ್ಟು ದೊಡ್ಡವನಲ್ಲ ನಾನು. ಶ್ರವಣಯಂತ್ರ ಹಾಕಿದ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿರಿ. ಹಲಗೆಯ ಕಡೆ ಮುಖ ಮಾಡಿ ಪಾಠ ಹೇಳಿದರೆ ಆ ಮಗುವಿಗೆ ತುಟಿ ಕಾಣುವುದಿಲ್ಲ. ಉಗ್ಗುವ ಹುಡುಗ ಎದ್ದು ನಿಂತಾಗ "ಅವಸರ ಮಾಡಬ್ಯಾಡ" ಅನ್ನಬೇಡಿರಿ, ಅವನ ಮಾತನ್ನು ನಾವು ಪೂರ್ತಿ ಮಾಡಬೇಡಿರಿ. ಅವನು ಹೇಳಿ ಮುಗಿಸುವವರೆಗೆ ಮುಖ ನೋಡುತ್ತ ನಿಂತರೆ ಸಾಕು. ಗುರುಗಳು ಕಾದರೆ ತರಗತಿಯೂ ಕಾಯುತ್ತದೆ. ಗುರುಗಳು ನಕ್ಕರೆ ಊರೇ ನಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಯ ನ್ಯೂನತೆಗಳಿವೆ. ಶ್ರವಣದೋಷ, ವಾಕ್ ಮತ್ತು ಭಾಷಾ ನ್ಯೂನತೆ, ಆಟಿಸಂ ಮೂರೂ ಅದರಲ್ಲಿವೆ. ಕಾಯಿದೆ ಗುರುತಿಸಿದ ಮಟ್ಟದ ನ್ಯೂನತೆ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯವೂ ಸಿಗುತ್ತದೆ. ಇದು ದಯೆಯಲ್ಲ. ತಾಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಶಾಲೆಗೆ ಕರೆಸಿಕೊಳ್ಳಿರಿ. ವಿದ್ಯಾರ್ಥಿಗಳೇ, ನಿಮ್ಮ ಕೈಯಲ್ಲೂ ಒಂದಿದೆ. ಗೆಳೆಯನಿಗೆ "ಮೂಕ", "ತೊದಲ" ಎಂಬ ಅಡ್ಡಹೆಸರು ಇಡಬೇಡಿರಿ. ಆ ಹೆಸರು ಅವನ ಮದುವೆ ಪತ್ರಿಕೆಯವರೆಗೂ ಬೆನ್ನು ಬಿಡುವುದಿಲ್ಲ.

ಹಿರಿಯರ ಮುಂದೆ ಒಂದು ಕಹಿ ಮಾತನ್ನು ಹೇಳಲೇಬೇಕು, ಕ್ಷಮಿಸಬೇಕು. ನಮ್ಮಲ್ಲಿ ಅಕ್ಕನ ಮಗಳನ್ನು ತರುವುದು, ಸೋದರಮಾವನಿಗೆ ಕೊಡುವುದು ಮೊದಲಿನಿಂದ ಬಂದದ್ದು. ಆಸ್ತಿ ಹೊರಗೆ ಹೋಗಬಾರದು, ಮಗಳು ಕಣ್ಣೆದುರಿಗೆ ಇರಬೇಕು ಎಂಬ ಪ್ರೀತಿ ಅದರ ಹಿಂದೆ ಇದೆ. ನಮ್ಮ ಅಕ್ಕನನ್ನೂ ಸೋದರಮಾವನಿಗೇ ಕೊಟ್ಟಿದ್ದಾರೆ. ಆದರೆ ಒಂದೇ ರಕ್ತದ ಇಬ್ಬರಲ್ಲಿ ಒಂದೇ ದೋಷ ಅಡಗಿ ಕೂತಿರುವ ಸಂಭವ ಹೆಚ್ಚು. ಇಬ್ಬರಿಗೂ ಕಿವಿ ಚೆನ್ನಾಗಿ ಕೇಳುತ್ತಿರುತ್ತದೆ. ಇಬ್ಬರಲ್ಲೂ ಆ ದೋಷ ಅಡಗಿದ್ದರೆ, ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅದು ಮಗುವಿನಲ್ಲಿ ಹೊರಬೀಳುವ ಸಂಭವ ಇರುತ್ತದೆ. ಹುಟ್ಟು ಕಿವುಡಿಗೆ ಇದೂ ಒಂದು ದೊಡ್ಡ ಕಾರಣ. ಇದರಲ್ಲಿ ತಾಯಿಯ ತಪ್ಪಿಲ್ಲ, ಗ್ರಹಣದ ದೋಷವಿಲ್ಲ, ಯಾರ ಶಾಪವೂ ಇಲ್ಲ. ಆಗಿಹೋದ ಮದುವೆಗಳ ಬಗ್ಗೆ ಯಾರನ್ನೂ ದೂರುವುದು ಬೇಡ. ಅಂಥ ಮನೆಯಲ್ಲಿ ಕೂಸು ಹುಟ್ಟಿದರೆ ಕಿವಿ ಪರೀಕ್ಷೆ ಮಾಡಿಸೋಣ. ಮುಂದೆ ಮಾಡುವ ಮದುವೆಗಳ ಬಗ್ಗೆ ಸ್ವಲ್ಪ ಯೋಚಿಸೋಣ.

ಕೊನೆಯದಾಗಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಸೂಚನೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಬೇಕೆಂಬ ಮಾತು ನಡೆದಿದೆ. ಕಟ್ಟೋಣ, ನನ್ನ ಪಾಲೂ ಇದೆ. ಅದರ ಜೊತೆಗೆ ಪ್ರತಿ ವರ್ಷ ಜೂನ್ ತಿಂಗಳಲ್ಲಿ, ಶಾಲೆ ಶುರುವಾದಾಗ, ಇದೇ ಮೈದಾನದಲ್ಲಿ ಒಂದು ದಿನ ಕಿವಿ ಮತ್ತು ಮಾತಿನ ತಪಾಸಣೆ ಶಿಬಿರ ಮಾಡೋಣ. ಊರಿನ ಎಲ್ಲ ಅಂಗನವಾಡಿಯ ಮಕ್ಕಳು ಬರಲಿ. ಅಂಗನವಾಡಿ ಕಾರ್ಯಕರ್ತೆಯರು, ಆಶಾ ತಾಯಂದಿರು ಪಟ್ಟಿ ಮಾಡಲಿ. ತಜ್ಞರನ್ನು ಕರೆತರುವ ಕೆಲಸ ಬೆಂಗಳೂರು, ಹುಬ್ಬಳ್ಳಿಯಲ್ಲಿರುವ ನಮ್ಮದು. ಶಿಬಿರದ ನಂತರವೇ ನಿಜವಾದ ಕೆಲಸ ಶುರು: ಬಸ್ಸಿನ ಖರ್ಚು, ಯಂತ್ರದ ಬ್ಯಾಟರಿ, ಮಗು ಬೆಳೆದಂತೆ ಬದಲಿಸಬೇಕಾದ ಕಿವಿಯ ಅಚ್ಚು. ಎಷ್ಟೋ ಮನೆಗಳಲ್ಲಿ ಬ್ಯಾಟರಿ ಮುಗಿದ ಯಂತ್ರ ಮಾಡದಲ್ಲಿ ಬಿದ್ದಿರುತ್ತದೆ. ಅದಕ್ಕೊಂದು ಸಣ್ಣ ನಿಧಿ ಮಾಡೋಣ. ಕೂಲಿ ಬಿಟ್ಟು ದೂರದ ಊರಿಗೆ ಹೋಗಬೇಕಾದ ತಾಯಿಯ ಆ ದಿನದ ಕೂಲಿಯನ್ನೂ ಅದರಿಂದಲೇ ಕೊಡೋಣ. ಅಷ್ಟು ಮಾಡಿದರೆ ಮುಂದಿನ ವರ್ಷಗಳಲ್ಲಿ ಈ ಊರಿನ ಯಾವ ಮಗುವೂ ಪರೀಕ್ಷೆಗಾಗಿ ಮೂರು ವರ್ಷ ಕಾಯಬೇಕಾಗುವುದಿಲ್ಲ.

ಮೊದಲ ಶಿಬಿರದ ಖರ್ಚಿಗೆ ನನ್ನ ಹೆಸರನ್ನು ಇವತ್ತೇ ಬರೆದುಕೊಳ್ಳಿರಿ. ನನ್ನ ಬ್ಯಾಚಿನ ಗೆಳೆಯರೂ ಸಂಜೆಯೊಳಗೆ ಹೆಸರು ಬರೆಸುತ್ತಾರೆಂದು ನಂಬಿದ್ದೇನೆ.